ಬಾಕ್ಸಿನ ಮೇಲಿನ ಲುಮೆನ್ ನಂಬಿ ಬ್ಯಾಟರಿ ಕೊಳ್ಳಬೇಡಿ

ಶಿರಸಿ ಕಡೆಯ ತೋಟಕ್ಕೂ ಕಾರವಾರದ ದೋಣಿಗೂ ಆಗಲಿ ಎಂದು ತರಿಸಿದ ಆರು ‘ಹೆವಿ ಡ್ಯೂಟಿ’ ಎಲ್‌ಇಡಿ ಬ್ಯಾಟರಿಗಳಲ್ಲಿ (ಟಾರ್ಚುಗಳಲ್ಲಿ) ಮಳೆಗಾಲ ದಾಟಿದ್ದು ಎರಡೇ. ಎರಡಕ್ಕೆ ನೀರು ಹೊಕ್ಕಿತು, ಒಂದರ ಚಾರ್ಜು ಕಾಲು ಗಂಟೆಯೂ ನಿಲ್ಲಲಿಲ್ಲ, ಇನ್ನೊಂದು ಚಾರ್ಜಿಗೆ ಹಾಕಿದಾಗ ಮುಟ್ಟಿದವರಿಗೆ ಶಾಕ್ ಹೊಡೆಯಿತು. ನಾಲ್ಕನ್ನೂ ಬಿಚ್ಚಿ ನೋಡಿದ ಮೇಲೆ ಬರೆಯುತ್ತಿರುವುದು ಇದು.

ಶಾಕ್ ಹೊಡೆದದ್ದು ಜೀವದ ವಿಷಯ, ಅದನ್ನೇ ಮೊದಲು ಹೇಳಬೇಕು. ಹಿಂಬದಿಯ ಎರಡು ಪಿನ್ನನ್ನು ನೇರ ಪ್ಲಗ್ಗಿಗೆ ಸಿಕ್ಕಿಸುವ ಅಗ್ಗದ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಚಪ್ಪಟೆ ಕೆಪಾಸಿಟರ್, ನಾಲ್ಕು ಡಯೋಡ್, ಒಂದೆರಡು ರೆಸಿಸ್ಟರ್, ಅಷ್ಟೇ. ಕೆಪಾಸಿಟರ್ ಕರೆಂಟನ್ನು ತಗ್ಗಿಸುತ್ತದೆಯೇ ಹೊರತು 230 ವೋಲ್ಟಿನ ಲೈನಿನಿಂದ ಸೆಲ್ಲನ್ನು ಬೇರ್ಪಡಿಸುವುದಿಲ್ಲ. ಪ್ಲಗ್ಗಿನಲ್ಲಿ ಇರುವಷ್ಟು ಹೊತ್ತು ಒಳಗಿನ ಪ್ರತಿ ತಂತಿಯೂ ಲೈನಿಗೆ ಸೇರಿದ್ದೇ. ಮುಂಬದಿಯ ಲೋಹದ ಬಳೆ, ಒಡೆದ ಸ್ವಿಚ್ಚು, ತೋಟದಿಂದ ಬಂದ ಒದ್ದೆ ಕೈ: ಇಷ್ಟಿದ್ದರೆ ಸಾಕು. ಸೆಲ್ ಸತ್ತು ಸರ್ಕ್ಯೂಟ್ ಕಡಿದಿದ್ದರೆ ಒಳಗಿನ ವೋಲ್ಟೇಜ್ ಏರಿಕೊಳ್ಳುತ್ತದೆ, ಆಗ ಸ್ವಿಚ್ ಒತ್ತಿದರೆ ಎಲ್‌ಇಡಿಯೂ ಸುಡುತ್ತದೆ. ಇಂಥದ್ದು ಮನೆಯಲ್ಲಿದ್ದರೆ ಚಾರ್ಜಿನಲ್ಲಿರುವಾಗ ಉರಿಸಬೇಡಿ, ಗೋಡೆಯ ಸ್ವಿಚ್ ಆರಿಸದೆ ಕೀಳಬೇಡಿ, ಮಕ್ಕಳ ಕೈಗೆ ಕೊಡಲೇಬೇಡಿ. ಹೊಸದು ಕೊಳ್ಳುವುದಾದರೆ ಯುಎಸ್‌ಬಿಯ 5 ವೋಲ್ಟಿನಲ್ಲಿ ಚಾರ್ಜ್ ಆಗುವುದನ್ನೇ ಕೊಳ್ಳಿ, ಒಳ್ಳೆಯ ಮೊಬೈಲ್ ಚಾರ್ಜರನ್ನೇ ಬಳಸಿ.

ಈ ಪಿನ್ನಿನ ಬ್ಯಾಟರಿಗಳಲ್ಲಿ ಬಹಳಷ್ಟಕ್ಕೆ 4 ವೋಲ್ಟಿನ ಲೆಡ್ ಆಸಿಡ್ ಸೆಲ್ ಇರುತ್ತದೆ. ದೀಪಾವಳಿ ಕಳೆದ ಮೇಲೆ ಅಟ್ಟಕ್ಕೆ ಹಾಕಿ ಜೂನಿನಲ್ಲಿ ತೆಗೆದರೆ ಅದು ಸತ್ತಿರುತ್ತದೆ. ಖಾಲಿಯಾಗಿ ಕೂತಷ್ಟೂ ಒಳಗಿನ ತಗಡಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಬಳಸದಿದ್ದರೂ ತಿಂಗಳಿಗೊಮ್ಮೆ ಚಾರ್ಜ್ ಮಾಡಬೇಕು.

ಇನ್ನು ಲುಮೆನ್, ಅಂದರೆ ಬ್ಯಾಟರಿ ಹೊರಚೆಲ್ಲುವ ಒಟ್ಟು ಬೆಳಕಿನ ಅಳತೆ. 18650 ಎಂಬ ಒಂದೇ ಲಿಥಿಯಂ ಸೆಲ್ಲಿನ ಬ್ಯಾಟರಿಯ ಬಾಕ್ಸಿನ ಮೇಲೆ 10,000 ಲುಮೆನ್ ಎಂದಿತ್ತು. ಲೆಕ್ಕ ಹಾಕಿ ನೋಡಿ. ಒಂದು ವ್ಯಾಟಿಗೆ 100 ಲುಮೆನ್ ಎಂದು ಹಿಡಿದರೂ 100 ವ್ಯಾಟ್ ಬೇಕು. 3.7 ವೋಲ್ಟಿನ ಸೆಲ್ಲಿನಿಂದ ಅಂದರೆ 27 ಆಂಪಿಯರ್. ಅಗ್ಗದ ಸೆಲ್ ಅಷ್ಟು ಕೊಡುವುದಿಲ್ಲ, ಕೊಟ್ಟರೂ ಹಿಡಿಯಷ್ಟು ಅಲ್ಯೂಮಿನಿಯಂ ಆ ಬಿಸಿಯನ್ನು ತಾಳುವುದಿಲ್ಲ. ಒಳ್ಳೆಯ ಬ್ಯಾಟರಿಯೂ ಒಂದು ಸೆಲ್ಲಿನಲ್ಲಿ 1,000 ಲುಮೆನ್ ಸುಮಾರಿಗೆ ಶುರುವಾಗಿ, ಬಿಸಿಯಾದ ಹಾಗೆ ಕೆಲವೇ ನಿಮಿಷದಲ್ಲಿ ತಾನೇ ಇಳಿಸಿಕೊಳ್ಳುತ್ತದೆ. ಅದು ದೋಷವಲ್ಲ, ಎಲ್‌ಇಡಿಯನ್ನು ಉಳಿಸುವ ಏರ್ಪಾಡು.

ಮೋಸ ಹೆಚ್ಚು ನಡೆಯುವುದು ಸೆಲ್ಲಿನಲ್ಲಿ. 18650 ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಈ ಅಳತೆಯಲ್ಲಿ ಒಳ್ಳೆಯ ಕಂಪನಿಗಳ ಸೆಲ್ಲೂ 3,500 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆಂಬ ಅಳತೆ) ಸುಮಾರಿಗೆ ನಿಲ್ಲುತ್ತದೆ. 9,900 ಎಂದು ಬರೆದಿದ್ದರೆ ಸುಳ್ಳೆಂದೇ ತಿಳಿಯಿರಿ. ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿಟ್ಟು ತೂಗಿ: ಸಾಚಾ ಸೆಲ್ 45ರಿಂದ 50 ಗ್ರಾಂ ತೂಗುತ್ತದೆ. ಚಾರ್ಜು ನಿಲ್ಲದ ಬ್ಯಾಟರಿಯ ಸೆಲ್ 31 ಗ್ರಾಂ ಇತ್ತು. ಹಳೆ ಲ್ಯಾಪ್‌ಟಾಪಿನಿಂದ ಕಿತ್ತು ಹೊಸ ಪ್ಲಾಸ್ಟಿಕ್ ಸುತ್ತಿದ್ದರೆ ಮಾತ್ರ ತೂಕ ಸರಿಯಾಗಿಯೇ ಇರುತ್ತದೆ, ಸಿಪ್ಪೆ ಸರಿಸಿ ತುದಿಯಲ್ಲಿ ವೆಲ್ಡ್ ಕಿತ್ತ ಗುರುತು ಹುಡುಕಬೇಕು. ಚಾರ್ಜ್ ತುಂಬಿದಾಗ ಮಲ್ಟಿಮೀಟರಿನಲ್ಲಿ 4.2 ವೋಲ್ಟ್ ತೋರಿಸಬೇಕು. ಅದಕ್ಕಿಂತ ಮೇಲೆ ಹೋದರೆ ಚಾರ್ಜರ್ ಕಟ್ ಮಾಡುತ್ತಿಲ್ಲವೆಂದರ್ಥ. ಅಂಥದ್ದನ್ನು ರಾತ್ರಿ ಚಾರ್ಜಿಗಿಟ್ಟು ಮಲಗುವುದು ಬೆಂಕಿಗೆ ದಾರಿ. 2.5 ವೋಲ್ಟಿಗಿಂತ ಕೆಳಗಿಳಿದ ಸೆಲ್ಲನ್ನು ಮತ್ತೆ ಚಾರ್ಜ್ ಮಾಡಬೇಡಿ.

‘ಎಂಟು ಗಂಟೆ ಉರಿಯುತ್ತದೆ’ ಎಂಬುದನ್ನೂ ತಿಳಿದು ಓದಬೇಕು. ಬ್ಯಾಟರಿಗಳಿಗೆಂದೇ ಇರುವ ಅಮೆರಿಕದ ಆನ್ಸಿ ಎಫ್‌ಎಲ್ 1 ಮಾನದಂಡದಲ್ಲಿ ಬೆಳಕು ಮೊದಲಿನ ಶೇ. 10ಕ್ಕೆ ಇಳಿಯುವವರೆಗಿನ ಸಮಯವೆಲ್ಲ ಲೆಕ್ಕಕ್ಕೆ ಬರುತ್ತದೆ. ಪರೀಕ್ಷಿಸಲು ಕತ್ತಲೆ ಕೋಣೆಯಲ್ಲಿ ಬ್ಯಾಟರಿಯನ್ನು ಛಾವಣಿಯ ಕಡೆಗೆ ತಿರುಗಿಸಿಟ್ಟು, ಪಕ್ಕದಲ್ಲಿ ಲಕ್ಸ್ (ಒಂದು ಜಾಗದ ಮೇಲೆ ಬೀಳುವ ಬೆಳಕು) ಅಳೆಯುವ ಆ್ಯಪ್ ಇರುವ ಮೊಬೈಲನ್ನು ಒಂದೇ ಜಾಗದಲ್ಲಿಡಿ. ಉರಿಸಿದ 30ನೇ ಸೆಕೆಂಡಿನಲ್ಲಿ ಒಮ್ಮೆ, ಆಮೇಲೆ 5, 15, 30, 60ನೇ ನಿಮಿಷದಲ್ಲಿ ಅಂಕಿ ಬರೆದುಕೊಳ್ಳಿ. ನಿಧಾನ ಇಳಿಯುವ ಬೆಳಕನ್ನು ಕಣ್ಣು ಗುರುತಿಸುವುದಿಲ್ಲ, ಅದಕ್ಕೇ ಬರೆಯಬೇಕು. ದೂರದ ಮಾತೂ ಹೀಗೇ. 10,000 ಕ್ಯಾಂಡೆಲಾದ (ಕಿರಣದ ತೀವ್ರತೆಯ ಅಳತೆ) ಬ್ಯಾಟರಿಗೆ 200 ಮೀಟರ್ ಎಂದು ಬರೆಯುತ್ತಾರೆ, ಆದರೆ ಅಷ್ಟು ದೂರದಲ್ಲಿ ಸಿಗುವುದು 0.25 ಲಕ್ಸ್, ಹುಣ್ಣಿಮೆ ಬೆಳಕಿನಷ್ಟು. ಬೇಣದ (ಹುಲ್ಲುಗಾವಲಿನ) ಆಚೆ ನಿಂತದ್ದು ಎಮ್ಮೆಯೋ ಕಾಡುಕೋಣವೋ ತಿಳಿಯಬೇಕಾದರೆ ಬರೆದ ದೂರದ ಮೂರನೇ ಒಂದು ಪಾಲನ್ನಷ್ಟೇ ನಂಬಿ.

ನೀರು ಹೊಕ್ಕ ಎರಡೂ ಜೂಮ್ ಬ್ಯಾಟರಿಗಳು. ತಲೆಯನ್ನು ಹಿಂದೆ ಮುಂದೆ ಎಳೆದಾಗ ಅದು ಪಂಪಿನಂತೆ ಹೊರಗಿನ ತೇವದ ಗಾಳಿಯನ್ನು ಒಳಗೆಳೆಯುತ್ತದೆ. ನಮ್ಮ ಮಳೆಗಾಲಕ್ಕೆ ಅವು ಹೇಳಿ ಮಾಡಿಸಿದ್ದಲ್ಲ. ನೀರು ತಡೆಯುವ ಮಟ್ಟ ತಿಳಿಸುವ ಗುರುತು ಐಪಿಎಕ್ಸ್ 4 ಎಂದಿದ್ದರೆ ಅದು ಸಿಡಿಯುವ ನೀರಿಗೆ ಮಾತ್ರ. ಹಳ್ಳದಲ್ಲಿ, ದೋಣಿಯಲ್ಲಿ ಕೈಜಾರುವ ಸಂಭವವಿದ್ದರೆ ಐಪಿ 67 ಬೇಕು, ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ. ಮನೆಯಲ್ಲಿ ನೋಡುವುದಾದರೆ ಸೆಲ್ ತೆಗೆದು, ಕೊಳವೆಯೊಳಗೆ ಟಿಶ್ಯೂ ಕಾಗದ ತುರುಕಿ, ಬಿಗಿಯಾಗಿ ಮುಚ್ಚಿ ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಕಾಗದ ಒದ್ದೆಯಾದರೆ ಹಿಂತಿರುಗಿಸಿ. ಬಳಕೆಯಲ್ಲಿರುವ ಬ್ಯಾಟರಿಯ ಕಪ್ಪು ರಬ್ಬರ್ ಬಳೆಗೆ ಮಳೆ ಹಿಡಿಯುವ ಮೊದಲು ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿ.

ಬೈತಖೋಲ್, ತದಡಿ ಬಂದರುಗಳ ಕಡೆಯವರು ಇನ್ನೊಂದನ್ನು ನೋಡಬೇಕು. ಉಪ್ಪುಗಾಳಿ ಮೊದಲು ತಿನ್ನುವುದು ಸ್ಪ್ರಿಂಗ್ ಮತ್ತು ಮರೆಯನ್ನು (ಮುಚ್ಚಳ ತಿರುಗಿಸುವ ತಿರುಪಿನ ಗೆರೆಗಳನ್ನು). ಐಪಿ 67 ಬ್ಯಾಟರಿಯನ್ನು ಸಮುದ್ರದಿಂದ ಬಂದ ದಿನವೇ ಮುಚ್ಚಿದಂತೆಯೇ ಸಿಹಿನೀರಲ್ಲಿ ತೊಳೆದು, ಒರೆಸಿ, ಒಣಗಿದ ಮೇಲೆ ಬಿಚ್ಚಿ ಮರೆ ಒರೆಸಿ.

ಉಬ್ಬಿದ, ಸತ್ತ ಸೆಲ್ಲನ್ನು ಕಸದ ಜೊತೆ ಬಚ್ಚಲ ಒಲೆಗೆ ಹಾಕಬೇಡಿ, ಲಿಥಿಯಂ ಸೆಲ್ ಬೆಂಕಿಯಲ್ಲಿ ಸಿಡಿಯುತ್ತದೆ. ಎರಡೂ ತುದಿಗೆ ಟೇಪು ಸುತ್ತಿ, ಒಣ ಮರಳಿನ ಡಬ್ಬಿಯಲ್ಲಿಟ್ಟು, ಪೇಟೆಗೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.