ಎರಡು ದಿನದ ಯುವ ನಾಯಕತ್ವ ಶಿಬಿರ: ರೂ. 1,500ಕ್ಕೆ ಸಿಕ್ಕಿದ್ದೆಷ್ಟು?

ಕಲಬುರಗಿಯ ಸೇಡಂ ರಸ್ತೆಯ ಕಲ್ಯಾಣ ಮಂಟಪವೊಂದರಲ್ಲಿ ಖಾಸಗಿ ಸಂಸ್ಥೆಯೊಂದು ಕಳೆದ ತಿಂಗಳು ನಡೆಸಿದ ಯುವ ನಾಯಕತ್ವ ತರಬೇತಿ ಶಿಬಿರಕ್ಕೆ ರೂ. 1,500 ಶುಲ್ಕ ಕಟ್ಟಿ ಹೋಗಿಬಂದೆ. ಆಳಂದ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದಕ್ಕೆ 2020ರ ಡಿಸೆಂಬರಿನಲ್ಲಿ ಆಯ್ಕೆಯಾದ ನನಗೆ ಈಗ ನಲವತ್ತೆರಡು ವರ್ಷ. ಊರ ಕಟ್ಟೆಯ ಮೇಲೆ ಕೂರುವವರ ಲೆಕ್ಕದಲ್ಲಿ ಮಾತ್ರ ನಾನಿನ್ನೂ ಹುಡುಗ; ಬಂದ ಹೊಸ ಹುಡುಗರು ನನ್ನನ್ನು ಕರೆಯುವುದು ಕಾಕಾ ಎಂದು. ಶಿಬಿರದ ಕರಪತ್ರದಲ್ಲಿ ‘ಹಿರಿಯರ ಅನುಭವ, ಕಿರಿಯರ ಹುರುಪು’ ಎಂದು ಅಚ್ಚಾಗಿತ್ತು. ಇವೆರಡೂ ಒಂದೆಡೆ ಕೂಡುವುದು ಹೇಗೆಂದು ಯಾರಾದರೂ ಬಿಡಿಸಿ ಹೇಳುವುದಾದರೆ ಅಷ್ಟು ದುಡ್ಡು ಹೆಚ್ಚೇನಲ್ಲ ಎನಿಸಿತ್ತು.

ಹತ್ತು ಗಂಟೆಯ ಉದ್ಘಾಟನೆ ಹನ್ನೆರಡೂಕಾಲಿಗೆ ಆಯಿತು. ವೇದಿಕೆಯ ಮೇಲೆ ಹನ್ನೊಂದು ಕುರ್ಚಿಗಳು, ಹನ್ನೊಂದರಲ್ಲಿಯೂ ಅರವತ್ತು ದಾಟಿದವರು. ಶಿಬಿರಾರ್ಥಿಗಳಲ್ಲಿ ಎಲ್ಲರಿಗಿಂತ ಚಿಕ್ಕವರಾಗಿದ್ದ ಆರೇಳು ಹುಡುಗರಿಗೆ ಸಿಕ್ಕ ಮೊದಲ ನಾಯಕತ್ವದ ಹೊಣೆಯೆಂದರೆ ಹಾರ ಮತ್ತು ಶಾಲುಗಳ ತಟ್ಟೆ ಹಿಡಿದು ಸಾಲಾಗಿ ನಿಲ್ಲುವುದು. ಮಾತನಾಡಿದ ಹನ್ನೊಂದೂ ಜನ ಯುವಕರು ಮುಂದೆ ಬರಬೇಕೆಂದರು, ಊಟದ ಹೊತ್ತಿನವರೆಗೂ ಅದನ್ನೇ ಹೇಳಿದರು.

ಕೈಗೆ ಕೊಟ್ಟ ಪುಸ್ತಿಕೆಯ ಕಾಗದ ಚೆನ್ನಾಗಿದೆ, ಒಳಗಿನ ಮಾಹಿತಿಯನ್ನು ಮಾತ್ರ ಯಾರೂ ತಿದ್ದಿದಂತಿಲ್ಲ. ಯಾವುದೇ ಚುನಾವಣೆಗೆ ನಿಲ್ಲಲು 25 ವರ್ಷ ತುಂಬಿರಬೇಕೆಂದು ಅದರಲ್ಲಿ ಬರೆದಿತ್ತು. ವಿಧಾನಸಭೆ ಮತ್ತು ಲೋಕಸಭೆಗೆ ಆ ಮಾತು ನಿಜ. ರಾಜ್ಯಸಭೆಗೂ ವಿಧಾನ ಪರಿಷತ್ತಿಗೂ 30 ಆಗಿರಬೇಕು. ಪಂಚಾಯಿತಿಗೆ ಸಂವಿಧಾನವೇ 21 ಸಾಕೆಂದು ಹೇಳಿದೆ. ನನ್ನ ಪಕ್ಕ ಕುಳಿತಿದ್ದ ಚಿಂಚೋಳಿ ಕಡೆಯ ಇಪ್ಪತ್ತೆರಡರ ಹುಡುಗನೊಬ್ಬ ಆ ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು, ‘ಮೂರು ವರ್ಷ ಕಾಯ್ಬೇಕು’ ಎಂದು ಅಂಚಿನಲ್ಲಿ ಬರೆದುಕೊಂಡಿದ್ದ. ನಾನು ತಿದ್ದಿ ಹೇಳಿದ ಮೇಲೆ ಅದನ್ನು ಅಳಿಸಿದ. ಲೋಕಸಭೆಯ ಕನಿಷ್ಠ ವಯಸ್ಸನ್ನು 18ಕ್ಕೆ ಇಳಿಸಬೇಕೆಂದು ಸಂಸತ್ತಿನ ಸ್ಥಾಯಿ ಸಮಿತಿಯೊಂದು 2023ರಲ್ಲಿ ಶಿಫಾರಸು ಮಾಡಿದ್ದನ್ನು ಉತ್ಸಾಹದಿಂದ ವಿವರಿಸಿದ ತರಬೇತುದಾರರಿಗೆ, ಈಗಾಗಲೇ 21ಕ್ಕೆ ತೆರೆದಿರುವ ಬಾಗಿಲು ಕಾಣದೆ ಹೋದದ್ದು ಆಶ್ಚರ್ಯ.

ಪುಸ್ತಿಕೆಯ ನಡುವಿನ ಪುಟದಲ್ಲಿ ಎರಡು ಭಾವಚಿತ್ರಗಳಿವೆ. ಒಂದು 2024ರಲ್ಲಿ ಬೀದರ್ ಕ್ಷೇತ್ರದಿಂದ 26ನೆಯ ವಯಸ್ಸಿನಲ್ಲಿ ಲೋಕಸಭೆಗೆ ಆಯ್ಕೆಯಾದ ಸಾಗರ್ ಖಂಡ್ರೆ ಅವರದು. ಇನ್ನೊಂದು 2022ರ ಅಕ್ಟೋಬರಿನಲ್ಲಿ, 80 ತುಂಬಿದ ಮೇಲೆ, ಎಐಸಿಸಿ ಅಧ್ಯಕ್ಷರಾದ ಮಲ್ಲಿಕಾರ್ಜುನ ಖರ್ಗೆ ಅವರದು. ಇದೇ ತಲೆಮಾರುಗಳ ಸಮತೋಲನ ಎಂದು ತರಬೇತುದಾರರು ವಿವರಿಸಿದರು. ಎರಡು ಚಿತ್ರ ಅಕ್ಕಪಕ್ಕ ಅಂಟಿಸಿದರೆ ಸಮತೋಲನ ಆಗುವುದಾದರೆ ನಮ್ಮ ಭಾಗದಷ್ಟು ಸಮತೋಲನ ಬೇರೆಲ್ಲೂ ಇರಲಾರದು. ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ, ಈಶ್ವರ ಖಂಡ್ರೆ, ಸಾಗರ್ ಖಂಡ್ರೆ ಎಂದು ಮೂರು ತಲೆಮಾರು. ಜೇವರ್ಗಿಯಲ್ಲಿ ಧರ್ಮಸಿಂಗ್ ಅವರ ನಂತರ ಮಗ ಅಜಯ್ ಸಿಂಗ್. 2008ರಲ್ಲಿ ಚಿತ್ತಾಪುರದಿಂದ ಗೆದ್ದ ಖರ್ಗೆ ಅವರ ಮಗ ಪ್ರಿಯಾಂಕ್ 2013ರಿಂದ ಅಲ್ಲಿಯ ಶಾಸಕರು. ಚಿಂಚೋಳಿಯಲ್ಲಿ ಉಮೇಶ್ ಜಾಧವ್ ಸ್ಥಾನ ತೆರವು ಮಾಡಿದಾಗ 2019ರ ಉಪಚುನಾವಣೆಯಲ್ಲಿ ಗೆದ್ದವರು ಮಗ ಅವಿನಾಶ್. ಇವರಲ್ಲಿ ಯಾರ ಸಾಮರ್ಥ್ಯವನ್ನೂ ನಾನು ಪ್ರಶ್ನಿಸುತ್ತಿಲ್ಲ. ಮತ ಹಾಕಿದವರು ನಾವೇ. ಆದರೆ ಸಾಲಿನಲ್ಲಿ ಕುಳಿತಿದ್ದ ಅರವತ್ತು ಜನರಲ್ಲಿ ಒಬ್ಬರಿಗೂ ಅಂಥ ಮನೆತನವಿರಲಿಲ್ಲ, ಅವರು ಎಲ್ಲಿಂದ ಏರಬೇಕು ಎಂಬುದನ್ನು ಈ ಶಿಬಿರ ಹೇಳಲೇ ಇಲ್ಲ.

ಹೇಳುವುದಿದ್ದರೆ ಖರ್ಗೆ ಅವರ ಅದೇ ಪುಟದಿಂದ ಹೇಳಬಹುದಿತ್ತು. ಅವರ ಬೆನ್ನಿಗೂ ಮನೆತನವಿರಲಿಲ್ಲ. ಕಾಲೇಜಿನ ವಿದ್ಯಾರ್ಥಿ ಸಂಘದ ಪ್ರಧಾನ ಕಾರ್ಯದರ್ಶಿಯಾದರು, ವಕೀಲರಾದರು, 1969ರಲ್ಲಿ ಕಲಬುರಗಿಯ ಬಟ್ಟೆ ಗಿರಣಿಯಾದ ಎಂಎಸ್‌ಕೆ ಮಿಲ್‌ನ ಕಾರ್ಮಿಕ ಸಂಘದ ಕಾನೂನು ಸಲಹೆಗಾರರಾದರು, ಅದೇ ವರ್ಷ ನಗರ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾದರು. 1972ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಗುರುಮಠಕಲ್‌ನಿಂದ ಗೆದ್ದರು. ಆ ಮೆಟ್ಟಿಲುಗಳನ್ನು ಇಂದು ಹುಡುಕಿ ನೋಡಿ. ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ ನಿಂತಿತು. ಎಂಎಸ್‌ಕೆ ಮಿಲ್ ಮುಚ್ಚಿ ಎಷ್ಟೋ ಕಾಲವಾಯಿತು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದು, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಲ್ಲಿ ಆಡಳಿತಾಧಿಕಾರಿಗಳದೇ ಕಾರುಬಾರಾಯಿತು. ಗ್ರಾಮ ಪಂಚಾಯಿತಿಯಲ್ಲಿ ಐದು ವರ್ಷ ದುಡಿದ ಮೂವತ್ತರ ಸದಸ್ಯನಿಗೆ ಮುಂದಿನ ಮೆಟ್ಟಿಲೆಂದರೆ ಒಮ್ಮೆಲೇ ವಿಧಾನಸಭೆ. ಅದರ ವೆಚ್ಚದ ಮಿತಿಯೇ 40 ಲಕ್ಷ ರೂಪಾಯಿ.

ಮಧ್ಯಾಹ್ನದ ಅವಧಿಗಳು ರೀಲ್ಸ್ ಮಾಡುವುದು, ಮೈಕ್ ಹಿಡಿಯುವುದು, ಖಾದಿ ಜಾಕೀಟು ಹೊಲಿಸುವುದು ಇತ್ಯಾದಿ. ಊಟಕ್ಕೆ ಮಾತ್ರ ಪೂರ್ತಿ ಅಂಕ ಕೊಡುತ್ತೇನೆ: ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಕೆನೆಮೊಸರು. ಇದ್ದ ನಾಲ್ವರು ಮಹಿಳೆಯರನ್ನು ಹಿಂದಿನ ಸಾಲಿನಲ್ಲಿ ಕೂರಿಸಿದ್ದರು. ಅವರಲ್ಲೊಬ್ಬ ಗ್ರಾಮ ಪಂಚಾಯಿತಿ ಅಧ್ಯಕ್ಷೆಗೆ ಕೇಳಿದ ಪ್ರಶ್ನೆಗೆ ಜೊತೆಗೆ ಬಂದಿದ್ದ ಮಾವನವರೇ ಎದ್ದುನಿಂತು ಉತ್ತರಿಸಿದರು, ತರಬೇತುದಾರರು ಅದನ್ನೇ ಬರೆದುಕೊಂಡರು.

ಎರಡನೆಯ ದಿನ ಸಂಜೆ, ಕಾರ್ಯಕ್ರಮ ಪಟ್ಟಿಯಲ್ಲಿಲ್ಲದ ಒಂದು ಗಂಟೆ ಮಾತ್ರ ನನ್ನ ದುಡ್ಡಿಗೆ ದಕ್ಕಿತು. 1987ರಲ್ಲಿ, ಈಗಿನ ಗ್ರಾಮ ಪಂಚಾಯಿತಿಗೂ ಮೊದಲಿದ್ದ ಮಂಡಲ ಪಂಚಾಯಿತಿಗೆ ಮೊದಲ ಸಲ ಗೆದ್ದಿದ್ದ, ಎಂಬತ್ತರ ಹತ್ತಿರದ ಮುತ್ಯಾ ಒಬ್ಬರು ಸನ್ಮಾನಕ್ಕೆಂದು ಬಂದವರು, ಬರಬೇಕಾದ ಭಾಷಣಕಾರರು ಬಾರದ್ದರಿಂದ ನಮ್ಮ ನಡುವೆ ಕುರ್ಚಿ ಹಾಕಿಕೊಂಡು ಕುಳಿತರು. ಚಿಂಚೋಳಿ ಹುಡುಗನನ್ನು ಕರೆದು, ‘ತಮ್ಮಾ, ನಿಮ್ಮ ವಾರ್ಡಿನಾಗ ಎಷ್ಟು ಮನಿ ಅವ? ಫೋನ್ ಒಳಗಿಡು, ಬಾಯ್ಲೆ ಹೇಳು’ ಎಂದರು. ಅವನು ಒಂಬತ್ತನೆಯ ಮನೆಗೆ ನಿಂತ. ಮುತ್ಯಾ ಚೀಲದಿಂದ ತಮ್ಮ ಊರಿನ ಮತದಾರರ ಪಟ್ಟಿ ತೆಗೆದರು. ಮಡಿಸಿ ಮಡಿಸಿ ಅಂಚು ಹರಿದಿತ್ತು. ತೀರಿಕೊಂಡವರಿಗೆ ಕೆಂಪು ಗೆರೆ, ಪುಣೆ ಹೈದರಾಬಾದಿಗೆ ದುಡಿಯಲು ಹೋದವರಿಗೆ ಸೊನ್ನೆ, ಮದುವೆಯಾಗಿ ಬಂದ ಸೊಸೆಯಂದಿರ ಹೆಸರು ಅಂಚಿನಲ್ಲಿ. ಹೆಸರು ಸೇರಿಸಲು ನಮೂನೆ 6, ತೆಗೆಯಲು 7, ತಿದ್ದಲು 8 ಎಂದು ಅವರು ಬಾಯಿಪಾಠದಂತೆ ಹೇಳಿದರು. ಹದಿನೆಂಟು ತುಂಬಿದ ಲೆಕ್ಕವನ್ನು ಜನವರಿ 1ಕ್ಕೆ ಮಾತ್ರ ಹಿಡಿಯುತ್ತಾರೆಂದು ಅವರು ಹೇಳಿದಾಗ ಹುಡುಗ ಫೋನ್ ಹೊರತೆಗೆದು, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಗಳೂ ಈಗ ಸೇರಿವೆಯೆಂದು ತೋರಿಸಿದ. ಮುತ್ಯಾ ಕನ್ನಡಕ ಏರಿಸಿ ಓದಿದರು, ಅಂಗಿಯ ಜೇಬಿನಿಂದ ಸಣ್ಣ ಡೈರಿ ತೆಗೆದು ನಾಲ್ಕೂ ತಾರೀಖು ಬರೆದುಕೊಂಡರು. ‘ಇದನ್ನ ನನಗ್ಯಾರೂ ಹೇಳಿದ್ದಿಲ್ಲ ನೋಡಪ್ಪ’ ಎಂದರು. ಆಮೇಲೆ ಇಬ್ಬರೂ ಒಂದೇ ಪಟ್ಟಿಯ ಮೇಲೆ ಬಾಗಿ ಕುಳಿತರು. ಸಮಾರೋಪಕ್ಕೆ ಕರೆದಾಗ ಏಳಲು ಇಬ್ಬರಿಗೂ ಮನಸ್ಸಿರಲಿಲ್ಲ.

ಪ್ರಮಾಣಪತ್ರದಲ್ಲಿ ನನ್ನ ಊರಿನ ಹೆಸರು ತಪ್ಪಾಗಿದೆ, ತಿದ್ದಿಸಲು ಮತ್ತೆ ಹೋಗುವುದಿಲ್ಲ. ಮುಂದಿನ ಶಿಬಿರಕ್ಕೆ ಶುಲ್ಕ ರೂ. 2,000 ಎಂದು ಮೊನ್ನೆ ವಾಟ್ಸಾಪಿನಲ್ಲಿ ಬಂತು. ಮುತ್ಯಾ ಪಾಠ ಮಾಡುತ್ತಾರೆಯೇ ಎಂದು ವಿಚಾರಿಸಿದೆ. ಅವರಿಗೆ ಉದ್ಘಾಟನೆಯಲ್ಲಿ ಸನ್ಮಾನ ಇಟ್ಟುಕೊಂಡಿದ್ದೇವೆ, ಮಾತಿಗೆ ಐದು ನಿಮಿಷ ಕೊಡುತ್ತೇವೆ ಎಂದು ಉತ್ತರ ಬಂದಿದೆ.