ಕ್ರಿಸ್ಮಸ್ ಆಟಗಳು: ಹೌಸಿಯೋ ಡಂಬ್ ಶರಾಡ್ಸೋ, ಸೀಕ್ರೆಟ್ ಸಾಂಟಾನೋ ಕಿತ್ತುಕೊಳ್ಳುವ ಆಟಾನೋ?

ಕ್ರಿಸ್ಮಸ್‌ಗೆ ಮನೆಮಂದಿ ಸೇರಿದಾಗ ಆಡುವ ಆಟಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಯಾವುದಕ್ಕಿಂತ ಯಾವುದು ವಾಸಿ ಅಂತ ಹೇಳುವವರು ಕಡಿಮೆ. ನಮ್ಮಲ್ಲಿ 5 ವರ್ಷದ ಮಗುವಿನಿಂದ 70 ದಾಟಿದ ಅಜ್ಜಿಯವರೆಗೆ ಎಲ್ಲ ವಯಸ್ಸಿನವರೂ ಇದ್ದಾರೆ, ಫೋನಿನಿಂದ ತಲೆ ಎತ್ತದ ಹದಿಹರೆಯದವರೂ ಇದ್ದಾರೆ. ಇವರನ್ನೆಲ್ಲ ಕೂರಿಸಿಕೊಂಡು ಬೇರೆ ಬೇರೆ ಆಟ ಆಡಿಸಿ ನೋಡಿದ ಮೇಲೆ ನಾನು ಒಂದೇ ಒಂದು ವಿಷಯ ನೋಡುತ್ತೇನೆ: ಈ ಆಟದಲ್ಲಿ ಒಬ್ಬರು ಎಷ್ಟು ಹೊತ್ತು ಸುಮ್ನೆ ಕೂತಿರಬೇಕು? ಗೆಲುವು, ಸೋಲು, ಬಹುಮಾನ ಎಲ್ಲ ಆಮೇಲೆ. ಮಗುವೋ ಅಜ್ಜಿಯೋ ಮೂಲೆಯಲ್ಲಿ ಕೂತು ಬೇರೆಯವರ ಆಟ ನೋಡುತ್ತಿದ್ದರೆ ಆ ಆಟ ಆ ಮನೆಗೆ ಸರಿಹೋಗಲಿಲ್ಲ ಅಂತಲೇ ಅರ್ಥ.

ಈ ಲೆಕ್ಕದಲ್ಲಿ ಮೊದಲು ಕೈಬಿಡಬೇಕಾದದ್ದು ಮ್ಯೂಸಿಕಲ್ ಚೇರ್. 10 ಜನ ಆಡಿದರೆ 9 ಸುತ್ತು. ಮೊದಲ ಸುತ್ತಿನಲ್ಲೇ ಔಟ್ ಆದವರು ಉಳಿದ 8 ಸುತ್ತು ನೋಡುತ್ತಾ ನಿಲ್ಲಬೇಕು, ಬೇಗ ಔಟ್ ಆಗುವುದು ಹೆಚ್ಚಾಗಿ ಪುಟ್ಟವರು ಇಲ್ಲವೇ ವಯಸ್ಸಾದವರು. ಮೊಣಕಾಲು ನೋವಿರುವವರನ್ನು ಕುರ್ಚಿಗಾಗಿ ಓಡಿಸುವುದಂತೂ ನನಗೆ ಇಷ್ಟವೇ ಇಲ್ಲ. ಅದೇ ಹಾಡು, ಅದೇ ಗಲಾಟೆ ಬೇಕಿದ್ದರೆ ಪಾಸಿಂಗ್ ದ ಪಾರ್ಸೆಲ್ ಇದೆ, ಅಲ್ವಾ? ಎಲ್ಲರೂ ಕೂತೇ ಆಡಬಹುದು. ಒಂದು ಉಡುಗೊರೆಗೆ ಜನರ ಸಂಖ್ಯೆಗಿಂತ ಎರಡು ಮೂರು ಪದರ ಜಾಸ್ತಿ ಕಾಗದ ಸುತ್ತಿ, ಪ್ರತಿ ಪದರದಲ್ಲೂ ಒಂದು ಚಿಕ್ಕ ಚೀಟಿ ಇಡಿ: ಸಾಂಟಾ ಹಾಗೆ ನಗಬೇಕು, ಪಕ್ಕದವರನ್ನು ಹೊಗಳಬೇಕು, ಹೀಗೆ. ಹಾಡು ನಿಂತಾಗ ಪಾರ್ಸೆಲ್ ಯಾರ ಕೈಯಲ್ಲಿದೆಯೋ ಅವರು ಒಂದು ಪದರ ಬಿಚ್ಚಿ ಚೀಟಿಯಲ್ಲಿರುವುದನ್ನು ಮಾಡುತ್ತಾರೆ, ಆದರೆ ಔಟ್ ಆಗುವುದಿಲ್ಲ. ಹಾಡು ನಿಲ್ಲಿಸುವವರು ಮಾತ್ರ ಆಟ ಆಡದವರಾಗಿರಲಿ, ಯಾರಿಗೆ ಇನ್ನೂ ಸರದಿ ಬಂದಿಲ್ಲ ಅಂತ ಗಮನ ಇಡಲಿ.

ಇದಕ್ಕೆ ಎದುರಾಳಿ ಪ್ಲಾಸ್ಟಿಕ್ ಉಂಡೆ. ತಿಂಡಿ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುತ್ತುತ್ತಾ ಸುತ್ತುತ್ತಾ ನಡುನಡುವೆ ಚಾಕಲೇಟ್, ಪೆನ್ಸಿಲ್, ಸ್ಟಿಕರ್ ಸೇರಿಸಿ ದೊಡ್ಡ ಉಂಡೆ ಮಾಡುವುದು. ಒಬ್ಬರು ಅದನ್ನು ಬಿಡಿಸುತ್ತಿರುವಾಗ ಪಕ್ಕದವರು ಎರಡು ದಾಳ ಹಾಕುತ್ತಲೇ ಇರಬೇಕು, ಎರಡರಲ್ಲೂ ಒಂದೇ ಅಂಕಿ ಬಿದ್ದ ಕೂಡಲೇ ಉಂಡೆ ಅವರ ಕೈಗೆ. ಎರಡೂ ಒಂದೇ ಬೀಳುವ ಸಾಧ್ಯತೆ 6ರಲ್ಲಿ 1. ಹಾಗಾಗಿ ಕೆಲವರಿಗೆ ಉದ್ದದ ಸರದಿ ಸಿಗುತ್ತದೆ, ಕೆಲವರಿಗೆ ಪ್ಲಾಸ್ಟಿಕ್‌ನ ತುದಿ ಹುಡುಕುವಷ್ಟರಲ್ಲೇ ಮುಗಿಯುತ್ತದೆ. ದೊಡ್ಡ ಮಕ್ಕಳಿಗೆ ಇದೇ ಮಜಾ, ಫೋನು ಬದಿಗಿಟ್ಟು ಕೂಗಾಡುತ್ತಾರೆ. ಪುಟ್ಟ ಬೆರಳುಗಳಿಗೆ ಮಾತ್ರ ಆ ತುದಿ ಸಿಗುವುದೇ ಇಲ್ಲ, ಕಣ್ಣಲ್ಲಿ ನೀರು ಬರುತ್ತದೆ. 7 ವರ್ಷದೊಳಗಿನ ಮಕ್ಕಳಿದ್ದರೆ ಪಾರ್ಸೆಲ್, ಇಲ್ಲದಿದ್ದರೆ ಉಂಡೆ.

ಉಡುಗೊರೆಯ ವಿಷಯಕ್ಕೆ ಬಂದರೆ ಜನ ಎರಡು ಪಕ್ಷವಾಗುತ್ತಾರೆ. ಸೀಕ್ರೆಟ್ ಸಾಂಟಾದಲ್ಲಿ ಚೀಟಿ ಎತ್ತಿ, ಬಂದ ಹೆಸರಿನವರಿಗೆ ಗುಟ್ಟಾಗಿ ಉಡುಗೊರೆ ತರುವುದು. ವೈಟ್ ಎಲಿಫೆಂಟ್ ಅಂತ ಕರೆಯುವ ಆಟದಲ್ಲಿ ಎಲ್ಲರೂ ಹೆಸರಿಲ್ಲದ ಒಂದೊಂದು ಪೊಟ್ಟಣ ತಂದು ನಡುವೆ ಇಡುತ್ತಾರೆ. ಆಮೇಲೆ ನಂಬರ್ ಚೀಟಿ. 1ನೇ ನಂಬರಿನವರು ಒಂದು ಬಿಚ್ಚುತ್ತಾರೆ. ಮುಂದಿನವರು ಹೊಸದನ್ನು ಬಿಚ್ಚಬಹುದು, ಇಲ್ಲವೇ ಬಿಚ್ಚಿದವರ ಕೈಯಿಂದ ಕಿತ್ತುಕೊಳ್ಳಬಹುದು. ದೊಡ್ಡವರೇ ಇದ್ದಾಗ ಇದು ತುಂಬ ಚೆನ್ನಾಗಿ ನಡೆಯುತ್ತದೆ. ಕೊನೆಯ ನಂಬರಿನವರಿಗೆ ಎಲ್ಲವನ್ನೂ ನೋಡಿ ಆರಿಸುವ ಅನುಕೂಲ ಇರುವುದರಿಂದ 1ನೇ ನಂಬರಿನವರಿಗೆ ಕೊನೆಯಲ್ಲಿ ಒಮ್ಮೆ ಬದಲಾಯಿಸುವ ಅವಕಾಶ ಕೊಡಿ. ಒಂದೇ ವಸ್ತು 3 ಸಲ ಕೈ ಬದಲಾದರೆ ಅದು ಅಲ್ಲಿಗೇ ನಿಲ್ಲಲಿ, ಇಲ್ಲದಿದ್ದರೆ ಆಟ ಮುಗಿಯುವುದೇ ಇಲ್ಲ.

ಆದರೆ 6 ವರ್ಷದ ಮಗು ಆಗಷ್ಟೇ ಬಿಚ್ಚಿ ಎದೆಗವಚಿಕೊಂಡ ಬಣ್ಣದ ಪೆಟ್ಟಿಗೆಯನ್ನು ಚಿಕ್ಕಪ್ಪ ನಿಯಮದ ಪ್ರಕಾರವೇ ತೆಗೆದುಕೊಂಡರೂ ಮಗುವಿಗೆ ನಿಯಮ ಕಾಣಿಸುವುದಿಲ್ಲ, ಚಿಕ್ಕಪ್ಪ ಕಾಣಿಸುತ್ತಾರೆ. ಜೊತೆಗೆ ಯಾರಿಗೆ ಹೋಗುತ್ತದೋ ಗೊತ್ತಿಲ್ಲದ ಉಡುಗೊರೆ ಎಲ್ಲರಿಗೂ ಹೊಂದಬೇಕಲ್ಲ, ಅದಕ್ಕೇ ಸುತ್ತಿಬಳಸಿ ಮತ್ತೆ ಮೇಣದಬತ್ತಿ, ಕಾಫಿ ಮಗ್ಗು. ಸೀಕ್ರೆಟ್ ಸಾಂಟಾದಲ್ಲಿ ಹಾಗಲ್ಲ. ಒಬ್ಬರ ಬಗ್ಗೆಯೇ ಕೂತು ಯೋಚಿಸುತ್ತೀರಿ: ಅಜ್ಜಿಗೆ ದಪ್ಪ ಅಕ್ಷರದ ಪದಬಂಧದ ಪುಸ್ತಕ, ಅತ್ತೆಗೆ ಗಿಡದ ಕತ್ತರಿ. ನನಗೆ ಅದೇ ಮುಖ್ಯ.

ಸೀಕ್ರೆಟ್ ಸಾಂಟಾದ ತಲೆನೋವು ಚೀಟಿ ಎತ್ತುವುದರಲ್ಲಿದೆ. ಗುಂಪಿನಲ್ಲಿ 6 ಜನರಿರಲಿ, 20 ಜನರಿರಲಿ, ಕನಿಷ್ಠ ಒಬ್ಬರಿಗೆ ತಮ್ಮದೇ ಹೆಸರು ಬರುವ ಸಾಧ್ಯತೆ ನೂರಕ್ಕೆ ಸುಮಾರು 63. ಜನ ಜಾಸ್ತಿ ಆದರೆ ಇದು ಕಡಿಮೆಯಾಗಬಹುದು ಅಂತ ಅನ್ನಿಸುತ್ತದೆ, ಆಗುವುದಿಲ್ಲ. ಹಾಗೆ ಬಂದಾಗ ಇಬ್ಬರು ಮಾತ್ರ ಚೀಟಿ ಅದಲುಬದಲು ಮಾಡಿಕೊಂಡರೆ ಗುಟ್ಟು ರಟ್ಟಾಗುತ್ತದೆ, ಎಲ್ಲ ಚೀಟಿಯನ್ನೂ ವಾಪಸ್ ಹಾಕಿ ಮತ್ತೆ ಎತ್ತುವುದೇ ಸರಿ. ಸರಾಸರಿ ಎರಡು ಮೂರು ಸಲ ಎತ್ತಬೇಕಾಗುತ್ತದೆ ಅಂತ ಮೊದಲೇ ಹೇಳಿಬಿಟ್ಟರೆ ಯಾರಿಗೂ ಬೇಜಾರಾಗುವುದಿಲ್ಲ.

ಮಕ್ಕಳೂ ಇರಬೇಕು, ಕೈ ಬದಲಾಯಿಸುವ ಮಜಾನೂ ಬೇಕು ಅನ್ನುವವರಿಗೆ ಎಡ ಬಲದ ಕಥೆ ಹೇಳಿ ಮಾಡಿಸಿದ್ದು. ಎಲ್ಲರೂ ಒಂದೊಂದು ಪೊಟ್ಟಣ ಹಿಡಿದು ವೃತ್ತದಲ್ಲಿ ಕೂರಬೇಕು. ಒಬ್ಬರು ತಾವೇ ಬರೆದ ಕಥೆ ಓದುತ್ತಾರೆ. ‘ಸಾಂಟಾ ಎಡಕ್ಕೆ ತಿರುಗಿದ, ದಾರಿ ತಪ್ಪಿತು, ಬಲಕ್ಕೆ ಬಂದ’ ಅಂದಾಗ ಪೊಟ್ಟಣಗಳೂ ಹಾಗೇ ಎಡಕ್ಕೆ, ಬಲಕ್ಕೆ ಹೋಗುತ್ತವೆ. ಕಥೆ ಮುಗಿದಾಗ ಕೈಯಲ್ಲಿದ್ದದ್ದು ನಿಮ್ಮದು. ಯಾರೂ ಯಾರಿಂದಲೂ ಕಿತ್ತುಕೊಂಡಿಲ್ಲ, ಮುಚ್ಚಿದ ಪೊಟ್ಟಣ ಆದ್ದರಿಂದ ಆಸೆಪಟ್ಟದ್ದು ಕೈತಪ್ಪುವ ನೋವೂ ಇಲ್ಲ.

ಇನ್ನು ಹೌಸಿ, ಅಂದರೆ ತಂಬೋಲ: ಕೂಗಿದ ಅಂಕಿ ನಿಮ್ಮ ಟಿಕೆಟ್‌ನಲ್ಲಿದ್ದರೆ ಗುರುತು ಹಾಕುವ ಆಟ. ಇಟಲಿಯ ಮನೆಗಳಲ್ಲಿ ತಂಬೋಲ ಇವತ್ತಿಗೂ ಕ್ರಿಸ್ಮಸ್‌ನ ಆಟ, ಅದು ಸುಮ್ನೆ ಅಲ್ಲ. ಜಾಣತನ, ನೆನಪು, ಓಟ ಏನೂ ಬೇಡ, ಅಂಕಿ ಗುರುತಿಸಲು ಬಂದರೆ ಮಗುವಿಗೂ ಅಜ್ಜನಿಗೂ ಸಮಾನ ಅವಕಾಶ. ಎಲ್ಲರೂ ಎಲ್ಲ ಹೊತ್ತೂ ಆಟದಲ್ಲೇ ಇರುತ್ತಾರೆ. ಟಿಕೆಟ್‌ನಲ್ಲಿ 15 ಅಂಕಿ, ಕೂಗುವುದು 1ರಿಂದ 90. ತೊಂದರೆ ಏನೆಂದರೆ ಟಿಕೆಟ್ ಕಡಿಮೆ ಇದ್ದರೆ ಫುಲ್ ಹೌಸ್ (ಟಿಕೆಟ್‌ನ ಎಲ್ಲ ಅಂಕಿ) ಆಗಲು ಬಹುಪಾಲು ಅಂಕಿಗಳನ್ನು ಕೂಗಲೇಬೇಕು, ಅರ್ಧ ದಾಟುವಾಗ ಮಕ್ಕಳು ಆಕಳಿಸುತ್ತಾರೆ. ಅದಕ್ಕೆ ಮೊದಲ ಐದು, ನಾಲ್ಕು ಮೂಲೆ, ಒಂದೊಂದು ಸಾಲು ಅಂತ ನಡುವೆ ಬಹುಮಾನ ಇಡಿ. ತುಂಬ ಪುಟ್ಟವರಿದ್ದರೆ ಅಂಕಿ ಮುಚ್ಚಲು ಮಣಿ, ಗುಂಡಿ ಬೇಡ, ಬಾಯಿಗೆ ಹಾಕಿಕೊಳ್ಳುತ್ತಾರೆ. ಕ್ರೇಯಾನ್ ಸಾಕು.

ಇಟಲಿಯ ನೇಪಲ್ಸ್ ನಗರದಲ್ಲಿ ಪ್ರತಿ ಅಂಕಿಗೂ ಒಂದು ಅರ್ಥ ಇದೆ: 22 ಹುಚ್ಚ, 25 ಕ್ರಿಸ್ಮಸ್, 90 ಭಯ. ಇದನ್ನು ಕೇಳಿದ ಮೇಲೆ ನಾವು ನಮ್ಮದೇ ಅರ್ಥಗಳನ್ನು ಸೇರಿಸಿಕೊಂಡೆವು. ಅಜ್ಜನ ವಯಸ್ಸು, ಅಕ್ಕನ ಮದುವೆಯ ತಾರೀಖು, ಹಳೆಯ ಮನೆಯ ನಂಬರು. ಕೂಗುವವರು ‘ಹಳೇ ಮನೆ’ ಅನ್ನುತ್ತಾರೆ, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಅಂಕಿ ಹೇಳುತ್ತಾರೆ, ಅದರ ಹಿಂದೆಯೇ ಆ ಮನೆಯ ಕಥೆಯೂ ಬರುತ್ತದೆ. ಆಟ ಇನ್ನೂ ನಿಧಾನ ಆಗುತ್ತದೆ ನಿಜ, ಆದರೆ ಆಕಳಿಕೆ ನಿಲ್ಲುತ್ತದೆ.

ಒಬ್ಬರು ಮಾತಾಡದೆ ಅಭಿನಯಿಸಿ ಉಳಿದವರು ಊಹಿಸುವ ಡಂಬ್ ಶರಾಡ್ಸ್‌ನಲ್ಲಿ ನಗು ಹೌಸಿಗಿಂತ ಎಷ್ಟೋ ಪಾಲು ಜಾಸ್ತಿ. ಆದರೆ ಸಿನಿಮಾ ಹೆಸರು ಇಟ್ಟರೆ ಮನೆ ಎರಡಾಗುತ್ತದೆ, ಅಜ್ಜಿಯ ಸಿನಿಮಾ ಮೊಮ್ಮಗನಿಗೆ ಗೊತ್ತಿಲ್ಲ, ಮೊಮ್ಮಗನದು ಅಜ್ಜಿಗೆ ಗೊತ್ತಿಲ್ಲ. ಕ್ರಿಸ್ಮಸ್‌ನ ಚೀಟಿಗಳನ್ನಷ್ಟೇ ಹಾಕಿ: ಚಿಮಣಿಯಲ್ಲಿ ಸಿಕ್ಕಿಕೊಂಡ ಸಾಂಟಾ, ಒಂಟೆ ಮೇಲಿನ ಮೂವರು ಜ್ಞಾನಿಗಳು, ಮರದ ತುದಿಗೆ ನಕ್ಷತ್ರ ಕಟ್ಟುವುದು, ಬಂಡಿ ಎಳೆಯುವ ಹಿಮಸಾರಂಗ. ಓದಲು ಬಾರದ ಮಗುವಿಗೆ ಚೀಟಿಯಲ್ಲಿ ಚಿತ್ರ ಬರೆದುಕೊಡಿ. ತಂಡ ಮಾಡಬೇಡಿ. ತಂಡ ಮಾಡಿದರೆ ಅರ್ಧ ಜನ ಸುಮ್ನೆ ಕೂತಿರುತ್ತಾರೆ, ಎಲ್ಲರೂ ಊಹಿಸಬಹುದು ಅಂದರೆ ಯಾರೂ ಕೂತಿರುವುದಿಲ್ಲ. ನಾಚಿಕೊಳ್ಳುವವರನ್ನು ಜೋಡಿಯಾಗಿ ಕಳಿಸಿ. ಅಜ್ಜಿ ಸಾಂಟಾ, ಮೊಮ್ಮಗಳು ಹಿಮಸಾರಂಗ ಆದರೆ ಯಾರಿಗೂ ಸಂಕೋಚ ಉಳಿಯುವುದಿಲ್ಲ. ಎರಡರಲ್ಲಿ ಒಂದೇ ಆಡಬೇಕಿದ್ದರೆ ನನ್ನ ಮತ ತಂಡವಿಲ್ಲದ ಡಂಬ್ ಶರಾಡ್ಸ್‌ಗೆ. ಎರಡಕ್ಕೂ ಸಮಯ ಇದ್ದರೆ ಹೌಸಿ ಮೊದಲು, ನೆಂಟರು ಹೊಂದಿಕೊಳ್ಳಲಿ.

ನಿಧಿ ಹುಡುಕುವ ಆಟ ಮಕ್ಕಳಿಗೆ ಪ್ರಾಣ. ಒಂದು ಸುಳಿವಿನಿಂದ ಇನ್ನೊಂದಕ್ಕೆ ಹೋಗುವ ರೀತಿಯಲ್ಲಿ ದೊಡ್ಡ ಮಗುವೇ ಎಲ್ಲ ಬಿಡಿಸಿಬಿಡುತ್ತದೆ, ಪುಟ್ಟದು ಹಿಂದೆ ಓಡುತ್ತದೆ ಅಷ್ಟೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ ಕೊಟ್ಟು ಅವರವರ ಬಣ್ಣವನ್ನೇ ಹುಡುಕಬೇಕು ಅನ್ನುವ ರೀತಿ ಇದಕ್ಕಿಂತ ಎಷ್ಟೋ ಮೇಲು, ದೊಡ್ಡವರದ್ದನ್ನು ಕಷ್ಟದ ಜಾಗದಲ್ಲಿ ಇಟ್ಟರಾಯಿತು.

ಕೈಕೆಲಸಕ್ಕೆ ಶುಂಠಿ ಬಿಸ್ಕತ್ತಿನಿಂದ ಕಟ್ಟುವ ಜಿಂಜರ್‌ಬ್ರೆಡ್ ಮನೆ ನೋಡಲು ಚಂದ, ಆದರೆ ಗೋಡೆ ಅಂಟಿಸಿದ ಸಕ್ಕರೆ ಪಾಕ ಗಟ್ಟಿಯಾಗಲು ಹೊತ್ತು ಬೇಕು, ಮಕ್ಕಳಿಗೆ ಅಷ್ಟು ತಾಳ್ಮೆ ಇಲ್ಲ. ಗೋಡೆ, ಚಾವಣಿ ಹಿಂದಿನ ದಿನವೇ ನಿಲ್ಲಿಸಿಟ್ಟು ಮಕ್ಕಳಿಗೆ ಸಿಂಗಾರ ಮಾತ್ರ ಬಿಡಿ. ಅಷ್ಟು ಪುರುಸೊತ್ತಿಲ್ಲದವರಿಗೆ ಬಣ್ಣದ ಕಾಗದದ ಸರಪಳಿಯೇ ಒಳ್ಳೆಯದು.

ಗಲಾಟೆ ಬೇಡ ಅನ್ನುವವರಿಗೆ ಒಂದು ಮೂಲೆಯಲ್ಲಿ ತುಂಡು ಸೇರಿಸಿ ಚಿತ್ರ ಮಾಡುವ ಜಿಗ್‌ಸಾ ಇಡಿ, 500 ತುಂಡಿನದು ಸಾಕು. ಬಂದವರು ನಾಲ್ಕು ತುಂಡು ಸೇರಿಸಿ ಎದ್ದು ಹೋಗಬಹುದು. ಊಟದ ಮೇಜಿನ ಮೇಲೆ ಮಾತ್ರ ಬೇಡ, ದೊಡ್ಡ ರಟ್ಟಿನ ಮೇಲೆ ಜೋಡಿಸಿ, ಊಟದ ಹೊತ್ತಿಗೆ ರಟ್ಟಿನ ಸಮೇತ ಎತ್ತಿ ಮಂಚದ ಕೆಳಗೆ ಸರಿಸಬಹುದು.