ತೂಕ ಇಳಿಕೆಯ ಶಸ್ತ್ರಚಿಕಿತ್ಸೆಯ ನಂತರದ ಬೆಂಬಲ ಗುಂಪು: ಒಂದು ವಿಮರ್ಶೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗಾಗಿ ಆಸ್ಪತ್ರೆಯೊಂದು ನಡೆಸುವ ಮಾಸಿಕ ಬೆಂಬಲ ಗುಂಪಿನ ನಿಜವಾದ ಬಲವಿರುವುದು ಆಹಾರತಜ್ಞರ ಉಪನ್ಯಾಸಕ್ಕಿಂತ ಹೆಚ್ಚಾಗಿ ಹಳೆಯ ಸದಸ್ಯರ ಮಾತಿನಲ್ಲಿ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು, ಊಟದ ಜೊತೆ ನೀರು ಕುಡಿಯದೆ ಅರ್ಧ ಗಂಟೆ ಕಾಯಬೇಕು ಎಂಬುದೆಲ್ಲ ಕರಪತ್ರದಲ್ಲಿಯೂ ಇದೆ; ಆದರೆ ನೆಂಟರ ಮನೆಯಲ್ಲಿ ನಾಲ್ಕು ತುತ್ತಿಗೇ ಸಾಕೆಂದಾಗ ಏಳುವ ಪ್ರಶ್ನೆಗಳಿಗೆ ಏನೆಂದು ಉತ್ತರಿಸಬೇಕೆಂಬುದನ್ನು ಹೇಳಿಕೊಟ್ಟವರು ಈ ಹಳೆಯ ಸದಸ್ಯರೇ. ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳಿಗೆ ಬಾಚಣಿಗೆಯ ತುಂಬ ಕೂದಲು ಬಂದು ಗಾಬರಿಯಾಗಿದ್ದ ಸದಸ್ಯೆಯೊಬ್ಬರಿಗೆ, ಅದು ಸಾಮಾನ್ಯವಾಗಿ ತಾತ್ಕಾಲಿಕವೆಂದು ಇನ್ನೊಬ್ಬರು ತಮ್ಮ ತಲೆಯನ್ನೇ ತೋರಿಸಿ ಧೈರ್ಯ ಹೇಳಿದರು. ಕೊರತೆಯೆಂದರೆ, ಎಷ್ಟು ಕಿಲೋ ಇಳಿಯಿತೆಂಬ ಲೆಕ್ಕಕ್ಕೇ ಬಹಳ ಹೊತ್ತು ಹೋಗುತ್ತದೆ (ಚಪ್ಪಾಳೆಯೂ ಅದಕ್ಕೇ). ವಿಟಮಿನ್ ಬಿ12 ಮತ್ತು ಕಬ್ಬಿಣಾಂಶಕ್ಕಾಗಿ ಜೀವನಪೂರ್ತಿ ಮಾಡಿಸಬೇಕಾದ ರಕ್ತಪರೀಕ್ಷೆಯ ಬಗ್ಗೆ, ತೂಕ ಮತ್ತೆ ಏರಿದವರ ಸಂಕೋಚದ ಬಗ್ಗೆ ಚರ್ಚೆ ತೀರಾ ಕಡಿಮೆ. ಹೊಸಬರು ಮೊದಲ ವರ್ಷವಾದರೂ ತಪ್ಪದೆ ಬರಬಹುದು.